ಇರಾನಿನ ಲೇಖನಿ, ಹಾಸನದ ಉಳಿ

(ಶಾಂತಿಗ್ರಾಮದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಶಾಂತಿಗ್ರಾಮದಲ್ಲಿ ನಿಂತು ಇರಾನಿನ ಮಾತೇಕೆ ಎಂದು ನಿಮ್ಮಲ್ಲಿ ಹಲವರು ಮನಸ್ಸಿನಲ್ಲೇ ಕೇಳಿಕೊಂಡಿರುತ್ತೀರಿ. ಕೇಳಬೇಕಾದ ಪ್ರಶ್ನೆಯೇ. 1960ರ ದಶಕದಲ್ಲಿ ಇರಾನಿನ ಚಿತ್ರಕಾರರು ತಮ್ಮ ಲಿಪಿಯನ್ನೇ ಆಧುನಿಕ ಕಲೆಯ ವಸ್ತುವನ್ನಾಗಿ ಮಾಡಿಕೊಂಡರು. ಅದನ್ನು ತಮ್ಮ ದೇಶದ ಪರಂಪರೆಯ ಗುರುತೆಂದು ಜಗತ್ತಿನ ಮುಂದಿಟ್ಟರು. ನಾವಿರುವ ಜಿಲ್ಲೆಯಾದರೋ ಶಾಸನಗಳ ಜಿಲ್ಲೆ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು ಇಲ್ಲಿಯದು. ಶ್ರವಣಬೆಳಗೊಳದ ಎರಡು ಬೆಟ್ಟಗಳ ಬಂಡೆ, ಕಂಬ, ಗೋಡೆಗಳ ತುಂಬ ಅಕ್ಷರ. ಹಾಗಿದ್ದೂ ಕನ್ನಡನಾಡಿನ ಆಧುನಿಕ ಚಿತ್ರಕಲೆ ಕನ್ನಡ ಅಕ್ಷರವನ್ನು ಹೆಚ್ಚುಕಡಿಮೆ ಮುಟ್ಟಲೇ ಇಲ್ಲ. ಏಕೆ ಹೀಗಾಯಿತು ಎಂದು ಕೇಳಿಕೊಳ್ಳುವುದಕ್ಕೆ ಇರಾನಿನ ಉದಾಹರಣೆ ನೆರವಾಗುತ್ತದೆ.

ನನಗೆ ತೋಚಿದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಲಿಪಿ ಹಳೆಯದಾದ ಮಾತ್ರಕ್ಕೆ ಅದು ಕಲೆಯ ಪರಂಪರೆ ಆಗಿಬಿಡುವುದಿಲ್ಲ. ಬರೆಯುವ ಕೈ ತಲೆಮಾರಿನಿಂದ ತಲೆಮಾರಿಗೆ ದಾಟುತ್ತ ಬಂದಿರಬೇಕು. ಇರಾನಿನಲ್ಲಿ ಆ ಕೈ ದಾಟಿತು. ನಮ್ಮಲ್ಲಿ ಅದು ನಡುದಾರಿಯಲ್ಲಿ ತಪ್ಪಿಹೋಯಿತು, ಆಮೇಲೆ ಯಾರೂ ಹುಡುಕದ ಜಾಗದಲ್ಲಿ ಮತ್ತೆ ಕಾಣಿಸಿಕೊಂಡಿತು.

ಟೆಹರಾನಿನ ತರುಣರು

ಟೆಹರಾನ್ ವಿಶ್ವವಿದ್ಯಾಲಯದಲ್ಲಿ ಲಲಿತಕಲೆಗಳ ವಿಭಾಗ ಶುರುವಾದದ್ದು 1940ರಲ್ಲಿ. ಪಾಠಕ್ರಮಕ್ಕೆ ಪ್ಯಾರಿಸ್ಸೇ ಮಾದರಿ. ಅಲ್ಲಿ ಕಲಿತವರು ಯುರೋಪಿನ ಹೊಸ ಶೈಲಿಗಳಲ್ಲಿ ಚೆನ್ನಾಗಿಯೇ ಬರೆದರು. 1958ರಲ್ಲಿ ಟೆಹರಾನಿನ ಮೊದಲ ದ್ವೈವಾರ್ಷಿಕ ಕಲಾಪ್ರದರ್ಶನ ನಡೆಯುವ ಹೊತ್ತಿಗೆ ಅವರನ್ನು ಒಂದು ಪ್ರಶ್ನೆ ಕಾಡತೊಡಗಿತ್ತು: ಇದೆಲ್ಲ ಆಧುನಿಕ ಸರಿ, ಇದರಲ್ಲಿ ಇರಾನ್ ಎಲ್ಲಿದೆ?

ಉತ್ತರ ಸಿಕ್ಕಿದ್ದು ಅರಮನೆಯಲ್ಲಿ ಅಲ್ಲ, ಸಂತೆಯಲ್ಲಿ. ಹುಸೇನ್ ಜೆಂದೆರೂದಿ, ಪರ್ವೀಜ್ ತನಾವೋಲಿ ಇಬ್ಬರೂ 1937ರಲ್ಲಿ ಹುಟ್ಟಿದವರು. ಟೆಹರಾನಿನ ದಕ್ಷಿಣಕ್ಕಿರುವ ರೇ ಪಟ್ಟಣದ ಶಾ ಅಬ್ದುಲ್ ಅಜೀಮ್ ದರ್ಗಾದ ಬಳಿ ಭಕ್ತರಿಗೆಂದು ಮಾರುತ್ತಿದ್ದ ಅಗ್ಗದ ಧಾರ್ಮಿಕ ಅಚ್ಚುಚಿತ್ರಗಳು ಅವರ ಕಣ್ಣಿಗೆ ಬಿದ್ದವು. ಢಾಳು ಬಣ್ಣ, ಸರಳ ರೇಖೆ, ಚಿತ್ರದ ಸುತ್ತಲೂ ಬರಹ. ಕಲಾಶಾಲೆಯಲ್ಲಿ ಯಾರೂ ಇದನ್ನು ಕಲೆ ಎಂದಿರಲಿಲ್ಲ. ಇಬ್ಬರೂ ಅವನ್ನು ಕೊಂಡು ತಂದರು. ಅದರ ಬೆನ್ನಿಗೆ ಜೆಂದೆರೂದಿ ತಾಯಿತದ ಅಂಕಿಗಳು, ಚೌಕಗಳು, ಓದಲಾಗದ ಅಕ್ಷರಗಳು ಒತ್ತೊತ್ತಾಗಿ ತುಂಬಿದ ಚಿತ್ರಗಳನ್ನು ಬರೆದರು. 1962ರಲ್ಲಿ ಅವರು ರಚಿಸಿದ ‘ಕೆ+ಎಲ್+32+ಎಚ್+4’ ಎಂಬ ವಿಚಿತ್ರ ಹೆಸರಿನ ಚಿತ್ರ ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ.

ಈ ಬಗೆಯ ಚಿತ್ರಗಳಿಗೆ ‘ಸಕ್ಕಾಖಾನೆ’ ಎಂಬ ಹೆಸರಿಟ್ಟವರು ವಿಮರ್ಶಕ ಕರೀಮ್ ಇಮಾಮಿ. ಸಕ್ಕಾಖಾನೆ ಎಂದರೆ ಇರಾನಿನ ಬೀದಿಗಳಲ್ಲಿ ದಾರಿಹೋಕರಿಗೆ ನೀರು ಕೊಡುವ ಪುಟ್ಟ ತಾಣ. ನಮ್ಮ ಅರವಟ್ಟಿಗೆಯೂ ಒಂದು ಸಣ್ಣ ಗುಡಿಯೂ ಒಟ್ಟಿಗೆ ಸೇರಿದಂತೆ. ಕರ್ಬಲಾದಲ್ಲಿ ನೀರಿಲ್ಲದೆ ಪ್ರಾಣಬಿಟ್ಟವರ ನೆನಪಿಗೆ ಅದು. ಕಬ್ಬಿಣದ ಜಾಲರಿ, ಹರಕೆಯ ಬೀಗ, ದೀಪ, ಲೋಹದ ಹಸ್ತ ಅಲ್ಲಿರುತ್ತವೆ. ಬಾಬಯ್ಯನ ಹಬ್ಬದಲ್ಲಿ ಪಂಜ ಹೊರುವುದನ್ನು ಕಂಡ ನಮ್ಮ ಕಡೆಯ ಹಳ್ಳಿಗರಿಗೆ ಆ ಹಸ್ತದ ಗುರುತು ಹೇಳಬೇಕಾಗಿಲ್ಲ.

ಈ ಗುಂಪಿನಲ್ಲಿ ಫರಾಮರ್ಜ್ ಪೀಲಾರಾಮ್, ಮಸೂದ್ ಅರಬ್‌ಶಾಹಿ, ಮನ್ಸೂರ್ ಕಂದ್ರೀಜ್ ಮೊದಲಾದವರಿದ್ದರು. ಪೀಲಾರಾಮ್ ಅಕ್ಷರವನ್ನು ಕ್ಯಾನ್ವಾಸಿನ ತುಂಬ ಹಿಗ್ಗಿಸಿ, ಒಂದರ ಮೇಲೊಂದು ಹೇರಿ, ಅರ್ಥ ಕಳಚಿ ಬರಿಯ ಲಯವನ್ನು ಉಳಿಸಿದರು. ಆ ಗುಂಪಿನ ಆಚೆಗೆ ಮಹಮ್ಮದ್ ಎಹ್ಸಾಯಿ ಬಂದರು. ಅವರು ಪದ್ಧತಿಯಂತೆ ಬರವಣಿಗೆ ಕಲಿತ ಲಿಪಿಕಾರರು. ಆ ಶಿಸ್ತಿನ ಒಳಗಿನಿಂದಲೇ ಚಿತ್ರಕ್ಕೆ ಹೊರಟವರು. ತನಾವೋಲಿ 1965ರಿಂದ ಪಾರಸಿಯ ಮೂರಕ್ಷರದ ‘ಹೀಚ್’ ಎಂಬ ಪದವನ್ನೇ ಶಿಲ್ಪವಾಗಿ ಮಾಡುತ್ತ ಬಂದರು. ‘ಏನೂ ಇಲ್ಲ’ ಎಂಬುದು ಅದರ ಅರ್ಥ. ಮೊದಲ ಅಕ್ಷರದ ಸುಳಿ ತಲೆಯಾಗಿ, ಕೊನೆಯ ಅಕ್ಷರದ ಬಾಗು ಮೈಯಾಗಿ, ಆ ಪದ ಕುರ್ಚಿಯ ಮೇಲೆ ಕೂರುತ್ತದೆ, ಪಂಜರದೊಳಗೆ ಸಿಕ್ಕಿಕೊಳ್ಳುತ್ತದೆ. ಪಂಜರದ ‘ಹೀಚ್’ ಒಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.

ಅಲ್ಲಿ ಕೈ ಉಳಿದದ್ದು ಹೇಗೆ

ಈ ತರುಣರು ಅಕ್ಷರವನ್ನು ಇಷ್ಟು ಸಲೀಸಾಗಿ ಮುರಿದು ಕಟ್ಟಬಲ್ಲವರಾಗಿದ್ದರೆಂದರೆ, ಮುರಿಯುವುದಕ್ಕೆ ಮೊದಲು ಅಲ್ಲಿ ಗಟ್ಟಿಯಾದದ್ದೊಂದು ಇತ್ತು. ಪಾರಸಿ ಬರವಣಿಗೆಯ ‘ನಸ್ತಲೀಖ್’ ಶೈಲಿಗೆ ಆರು ಶತಮಾನ ದಾಟಿದ ಚರಿತ್ರೆಯಿದೆ. ಅದನ್ನು ರೂಪಿಸಿದ ಕೀರ್ತಿ ಹದಿನಾಲ್ಕನೆಯ ಶತಮಾನದ ಕೊನೆಯ ಮೀರ್ ಅಲಿ ತಬ್ರೀಜಿಯದು. ಶಾ ಅಬ್ಬಾಸನ ಕಾಲದ ಮೀರ್ ಎಮಾದ್ ಅದನ್ನು ಶಿಖರಕ್ಕೇರಿಸಿ 1615ರಲ್ಲಿ ಇಸ್ಫಹಾನಿನಲ್ಲಿ ಕೊಲೆಯಾದ. ಲಿಪಿಕಾರನೊಬ್ಬನ ಸಾವು ಚರಿತ್ರೆಯ ಪುಟಕ್ಕೆ ಸೇರುವಷ್ಟು ದೊಡ್ಡ ಮನುಷ್ಯ ಅಲ್ಲಿ ಲಿಪಿಕಾರ.

ಬಿದಿರಿನಂಥ ಜೊಂಡಿನ ಕಡ್ಡಿಯನ್ನು ಓರೆಯಾಗಿ ಕತ್ತರಿಸಿದರೆ ಲೇಖನಿ. ಅದರ ತುದಿಯನ್ನು ಕಾಗದಕ್ಕೆ ಒತ್ತಿದರೆ ಒಂದು ಚೌಕ ಚುಕ್ಕಿ. ಆ ಚುಕ್ಕಿಯೇ ಅಳತೆ. ನಸ್ತಲೀಖಿನಲ್ಲಿ ಅಲಿಫ್ ಅಕ್ಷರ ಮೂರು ಚುಕ್ಕಿ ಎತ್ತರ. ಹೀಗೆ ಪ್ರತಿ ಅಕ್ಷರಕ್ಕೂ ಎತ್ತರ, ಅಗಲ, ಬಾಗು ಗೊತ್ತಾಗಿದೆ. ಶಿಷ್ಯನಾದವನು ಒಂದೇ ಅಕ್ಷರವನ್ನು ಹಾಳೆ ಕಪ್ಪಾಗುವವರೆಗೆ ಬರೆದು ಬರೆದು ಕೈ ಪಳಗಿಸಬೇಕು. ‘ಸಿಯಾಹ್ ಮಶ್ಖ್’ ಎನ್ನುವ ಈ ಅಭ್ಯಾಸದ ಹಾಳೆಗಳನ್ನು ಜನ ಎಸೆಯಲಿಲ್ಲ, ಚೌಕಟ್ಟು ಹಾಕಿ ಇಟ್ಟುಕೊಂಡರು. ಹತ್ತೊಂಬತ್ತನೆಯ ಶತಮಾನದ ಮಿರ್ಜಾ ಗುಲಾಮ್ ರೆಜಾ ಇಸ್ಫಹಾನಿಯ ಅಂಥ ಹಾಳೆಗಳನ್ನು ನೋಡಿದರೆ, ಅಮೂರ್ತ ಚಿತ್ರ ಇರಾನಿಗೆ ಯುರೋಪಿನಿಂದಲೇ ಬರಬೇಕಾಗಿರಲಿಲ್ಲ ಎನಿಸುತ್ತದೆ. ತಿದ್ದುವ ಪದ್ಧತಿ ನಮ್ಮಲ್ಲೂ ಇತ್ತು. ಮರಳಿನ ಮೇಲೆ, ಸ್ಲೇಟಿನ ಮೇಲೆ ನಾವೂ ತಿದ್ದಿದೆವು. ಅಕ್ಷರ ಬಂತು ಎಂದಾದ ದಿನ ನಮ್ಮ ತಿದ್ದುವಿಕೆ ನಿಂತಿತು. ಅವರದು ಬದುಕಿಡೀ ನಡೆಯಿತು.

ಅಚ್ಚಿನ ಯಂತ್ರದ ಕಥೆಯೂ ಇಲ್ಲಿ ಸೇರುತ್ತದೆ. ಇರಾನಿನ ತಬ್ರೀಜಿನಲ್ಲಿ ಮೊಳೆ ಜೋಡಿಸಿ ಪುಸ್ತಕ ಮುದ್ರಿಸಿದ್ದು 1817ರ ಸುಮಾರಿಗೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾದದ್ದೂ 1817ರಲ್ಲೇ. ಒಂದೇ ಕಾಲದಲ್ಲಿ ಹೊರಟ ಎರಡು ದಾರಿಗಳು ಬೇಗನೆ ಬೇರೆಯಾದವು. ಜಾರಿ ಜಾರಿ ಇಳಿಯುವ ನಸ್ತಲೀಖ್ ಸೀಸದ ಮೊಳೆಗೆ ಒಗ್ಗಲಿಲ್ಲ. 1830ರ ದಶಕದಲ್ಲಿ ಕಲ್ಲಚ್ಚು ಬಂದದ್ದೇ ಇರಾನಿನವರು ಅದಕ್ಕೆ ಒಲಿದು, ಹಲವು ದಶಕ ಮೊಳೆಯನ್ನು ಬದಿಗೆ ಸರಿಸಿದರು. ಕಲ್ಲಚ್ಚಿಗೆ ಬರೆಯುವ ಕೈ ಬೇಕು. ಹಾಗಾಗಿ ಅಚ್ಚಿನ ಯಂತ್ರವೇ ಅಲ್ಲಿ ಲಿಪಿಕಾರನಿಗೆ ಅನ್ನ ಹಾಕಿತು.

ನಮ್ಮಲ್ಲಿಯೂ ಕಲ್ಲಚ್ಚು ಇತ್ತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಶುರುವಾದದ್ದು ಕಲ್ಲಚ್ಚಿನಲ್ಲೇ. ಆದರೆ ನಮ್ಮ ದುಂಡು ಅಕ್ಷರ, ತುಸು ತ್ರಾಸಪಟ್ಟಾದರೂ, ಮೊಳೆಗೆ ಒಗ್ಗಿತು. ಒತ್ತು, ಕೊಂಬು, ಗುಡಿಸುಗಳನ್ನೆಲ್ಲ ಬಿಡಿ ಮೊಳೆಗಳಾಗಿ ಎರಕ ಹೊಯ್ದರು. ಓದು ನಾಡಿನ ಮನೆಮನೆಗೆ ತಲುಪಿತು. ಅದು ದೊಡ್ಡ ಲಾಭ. ಓಲೆಗರಿಯ ಮೇಲೆ ಕಂಠದಿಂದ ಕೊರೆಯುತ್ತಿದ್ದ, ಕಡತದ ಕಪ್ಪು ಬಟ್ಟೆಯ ಮೇಲೆ ಬಳಪದಿಂದ ಬರೆಯುತ್ತಿದ್ದ ಲಿಪಿಕಾರನಿಗೆ ಮಾತ್ರ ಕೆಲಸ ಹೋಯಿತು.

ಶಾಂತಲೆಯ ಶಾಸನವನ್ನು ಬರೆದವರು

ಹಾಗೆಂದು ನಮಗೆ ಲಿಪಿಕಾರನ ಪರಂಪರೆಯೇ ಇರಲಿಲ್ಲ ಎನ್ನುವಂತಿಲ್ಲ. ಈ ಜಿಲ್ಲೆಯಲ್ಲಿ ನಿಂತು ಹಾಗೆ ಹೇಳಿದರೆ ಕಲ್ಲುಗಳೇ ತಕರಾರು ಮಾಡುತ್ತವೆ.

ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದವರು ಡಾ. ಎಂ.ಎಚ್. ಕೃಷ್ಣ, 1936ರಲ್ಲಿ. ಹದಿನಾರು ಸಾಲು, ಕಾಲ ಸುಮಾರು ಕ್ರಿ.ಶ. 450. ಅದರ ಭಾಷೆಯ ಬಗ್ಗೆ ನಾವು ಪುಟಗಟ್ಟಲೆ ಓದಿದ್ದೇವೆ. ಅದರ ಅಕ್ಷರಗಳ ಆಕಾರವನ್ನು ಕಣ್ಣು ಮುಚ್ಚಿ ನೆನೆಸಿಕೊಳ್ಳಬಲ್ಲವರು ಈ ಸಭೆಯಲ್ಲಿ ಎಷ್ಟು ಜನ? ಇಂದಿನ ಕನ್ನಡದಲ್ಲಿ ಎದ್ದು ಕಾಣುವ ತಲೆಕಟ್ಟು ಅಲ್ಲಿ ಇನ್ನೂ ಈ ರೂಪಕ್ಕೆ ಬಂದಿಲ್ಲ. ಅಲ್ಲಿಂದ ಏಳು ಶತಮಾನ ಇಳಿದು ಹೊಯ್ಸಳರ ಕಾಲಕ್ಕೆ ಬಂದರೆ ಅಕ್ಷರ ಮೈತುಂಬಿಕೊಂಡಿದೆ. ದುಂಡಾಗಿ, ಒಂದೇ ಅಳತೆಯಲ್ಲಿ, ಸಾಲು ಬಿಗಿಯಾಗಿ, ಕೊಂಬು ಸುಳಿಗಳು ಬಳ್ಳಿಯ ಹಾಗೆ ಹೊರಳುತ್ತವೆ. ಸಾಣೆ ಹಿಡಿದ ಕಲ್ಲಿನ ಮೇಲೆ ಅದನ್ನು ನೋಡಿದವರು ಓದಲು ಬರದಿದ್ದರೂ ನಿಂತು ನೋಡುತ್ತಾರೆ.

ಈ ಊರಿಗೆ ಹೆಸರು ಕೊಟ್ಟವಳು ಎಂದು ನಾವು ನೆನೆಯುವ ಶಾಂತಲೆಯ ವಿಷಯವನ್ನೇ ತೆಗೆದುಕೊಳ್ಳೋಣ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದವಳು ಅವಳು, 1123ರಲ್ಲಿ. 1131ರಲ್ಲಿ ಶಿವಗಂಗೆಯಲ್ಲಿ ಅವಳು ತೀರಿಕೊಂಡದ್ದನ್ನೂ ಆ ಬಳಿಕ ತಾಯಿ ಮಾಚಿಕಬ್ಬೆ ವ್ರತ ಹಿಡಿದು ದೇಹ ಬಿಟ್ಟದ್ದನ್ನೂ ಅದೇ ಬೆಟ್ಟದ ಶಾಸನ ಹೇಳುತ್ತದೆ. ಆ ಶಾಸನದ ಪಠ್ಯವನ್ನು ಬರೆದವನು ಬೋಕಿಮಯ್ಯ ಎಂಬ ಲೇಖಕ. ಕಲ್ಲಿನಲ್ಲಿ ಕಂಡರಿಸಿದ್ದು ರೂವಾರಿ ಗಂಗಾಚಾರಿಯ ಮನೆತನದ ಕೈ. ಸಿ.ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ ಕಾದಂಬರಿಯನ್ನು ಓದಿದವರಿಗೆ ಬೋಕಿಮಯ್ಯ, ಗಂಗಾಚಾರಿ ಇಬ್ಬರೂ ಶಾಂತಲೆಯ ಗುರುಗಳಾಗಿ ಪರಿಚಿತರು. ಕಾದಂಬರಿಕಾರರು ಆ ಹೆಸರುಗಳನ್ನು ಆಯ್ದದ್ದು ಕಲ್ಲಿನಿಂದ.

ಬರೆದವನು ಒಬ್ಬ, ಕಂಡರಿಸಿದವನು ಇನ್ನೊಬ್ಬ. ಇಬ್ಬರಿಗೂ ಹೆಸರುಂಟು, ಬಿರುದುಂಟು. ಬೇಲೂರಿನ ಮದನಿಕೆಗಳ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮೊದಲಾದವರು ಎದುರಾಳಿ ಶಿಲ್ಪಿಗಳನ್ನು ಕೆಣಕುವ ಬಿರುದುಗಳ ಸಮೇತ ಹೆಸರು ಕೆತ್ತಿಕೊಂಡಿದ್ದಾರೆ. ನಮ್ಮ ಕಲಾವಿದ ಅನಾಮಿಕನಾಗಿಯೇ ಇರಲು ಬಯಸಿದ ಎಂಬ ಭಾಷಣದ ಮಾತು ಹಾಸನ ಜಿಲ್ಲೆಯಲ್ಲಿ ನಡೆಯುವುದಿಲ್ಲ.

ಓಲೆಯಲ್ಲೂ ಇಂಥದ್ದೇ ವೈಭವವಿತ್ತು. ಮೂಡಬಿದಿರೆಯಲ್ಲಿರುವ ಧವಳ, ಜಯಧವಳ ಓಲೆಗಳು ಹನ್ನೆರಡನೆಯ ಶತಮಾನದ ಕನ್ನಡ ಲಿಪಿಯಲ್ಲಿವೆ. ಬಣ್ಣದ ಚಿತ್ರಗಳ ಪಕ್ಕದಲ್ಲಿ ನಿಂತರೂ ಅಕ್ಷರ ಮಂಕಾಗುವುದಿಲ್ಲ. ಅವು ಬೆಳಗೊಳದಿಂದ ಅಲ್ಲಿಗೆ ಹೋದವೆಂಬ ನಂಬಿಕೆಯೂ ಇದೆ.

ಹಾಗಾದರೆ ಎಡವಿದ್ದೆಲ್ಲಿ? ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಶ್ರವಣಬೆಳಗೊಳ ಸಂಪುಟ 1889ರಲ್ಲಿ, ಹಾಸನ ಜಿಲ್ಲೆಯ ಸಂಪುಟ 1902ರಲ್ಲಿ ಬಂದವು. ಆ ಮಹಾಕಾರ್ಯ ಇಲ್ಲದಿದ್ದರೆ ನಮ್ಮ ಚರಿತ್ರೆಯೇ ಇರುತ್ತಿರಲಿಲ್ಲ. ಆದರೆ ಕಲ್ಲಿನ ಮೇಲಿದ್ದ ಮಾತು ಪುಸ್ತಕಕ್ಕೆ ಬಂದದ್ದು ಅಚ್ಚಿನ ಮೊಳೆಯ ರೂಪದಲ್ಲಿ. ಕೆಲವು ಪಡಿಯಚ್ಚುಗಳನ್ನು ಬಿಟ್ಟರೆ, ಗಂಗಾಚಾರಿಯ ಅಕ್ಷರವೂ ಒರಟು ವೀರಗಲ್ಲಿನ ಅಕ್ಷರವೂ ಪುಟದಲ್ಲಿ ಒಂದೇ ಥರ. ಪಂಡಿತರು ಅರ್ಥ ಓದಿದರು, ಇತಿಹಾಸಕಾರರು ಇಸವಿ ಓದಿದರು. ಆಕಾರವನ್ನು ಓದಬೇಕಾದ ಚಿತ್ರಕಾರನ ಕೈಗೆ ಅದು ಸಿಗಲೇ ಇಲ್ಲ. ಲಿಪಿಯ ಬೆಳವಣಿಗೆಯ ಮೇಲೆ ಎ.ವಿ. ನರಸಿಂಹಮೂರ್ತಿಯವರಂಥವರು ಶ್ರಮಪಟ್ಟು ಬರೆದರು. ಆ ಪುಸ್ತಕಗಳು ಶಾಸನಶಾಸ್ತ್ರದ ಕಪಾಟಿನಲ್ಲಿ ಉಳಿದವು. ಕಲಾಶಾಲೆಯ ಹೊಸ್ತಿಲು ದಾಟಲಿಲ್ಲ.

ಬೀದರ್, ವಿಜಯಪುರಗಳ ಸಾಕ್ಷಿ

ಪಾರಸಿ ಬರವಣಿಗೆ ದೂರದೇಶದ ಮಾತು ಎಂದುಕೊಂಡರೆ ನಮ್ಮದೇ ನಾಡನ್ನು ಅರ್ಧ ಬಿಟ್ಟಂತೆ. ಬೀದರಿನ ಮದರಸಾವನ್ನು 1472ರಲ್ಲಿ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗಿಲಾನ್ ಪ್ರಾಂತದವನು. ಅದರ ಮುಖಗೋಡೆಯ ಬಣ್ಣದ ಹೆಂಚುಗಳ ಮೇಲೆ ಉಳಿದಿರುವ ಅಕ್ಷರಗಳನ್ನು ಈಗಲೂ ನೋಡಬಹುದು. ಪಕ್ಕದ ಅಷ್ಟೂರಿನಲ್ಲಿ ಅಹಮದ್ ಶಾ ವಲಿಯ ಗೋರಿಯಿದೆ. ಒಳಗೋಡೆ, ಗುಮ್ಮಟಗಳ ತುಂಬ ಚಿನ್ನ, ನೀಲಿ, ಕೆಂಪಿನ ಬರಹ; ಅದನ್ನು ಬರೆದವನು ಇರಾನಿನ ಕಜ್ವೀನಿನ ಕಡೆಯವನು. ಆ ಸುಲ್ತಾನನನ್ನು ಸುತ್ತಲಿನ ಲಿಂಗಾಯತ ಭಕ್ತರು ಅಲ್ಲಮಪ್ರಭುವೆಂದೇ ನಂಬಿ ಜಾತ್ರೆ ಮಾಡುತ್ತಾರೆ. ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಕಿಟಕಿಯ ಜಾಲಂದ್ರವೇ ಅಕ್ಷರ. ಕಲ್ಲನ್ನು ಕೊರೆದು ಅಕ್ಷರದ ಸಂದಿನಿಂದ ಬೆಳಕು ಬರುವಂತೆ ಮಾಡಿದ್ದಾರೆ. ಎರಡನೆಯ ಇಬ್ರಾಹಿಂ ಆದಿಲ್ ಶಾ ತನ್ನ ಆಸ್ಥಾನಕ್ಕೆ ಇರಾನಿನಿಂದ ಬಂದ ಖಲೀಲುಲ್ಲಾ ಎಂಬ ಲಿಪಿಕಾರನಿಗೆ ‘ಲೇಖನಿಯ ಬಾದಶಹ’ ಎಂಬ ಬಿರುದು ಕೊಟ್ಟ. ಬೆಳಗೊಳದ ರೂವಾರಿಗಳ ಬಿರುದನ್ನೂ ಇದನ್ನೂ ಜೊತೆಗಿಟ್ಟು ನೋಡಿದರೆ, ಬರೆಯುವ ಕೈಗೆ ಮಣೆ ಹಾಕುವ ಪದ್ಧತಿ ಕರ್ನಾಟಕದ ಎರಡೂ ತುದಿಯಲ್ಲಿ ಇತ್ತೆಂದು ತಿಳಿಯುತ್ತದೆ. ನಮ್ಮ ಲಿಪಿ ಪರಂಪರೆಯ ಲೆಕ್ಕದಲ್ಲಿ ಬೀದರ್, ವಿಜಯಪುರಗಳೂ ಸೇರಬೇಕು.

ದೇಶಕ್ಕೆ ಚಿತ್ರ, ನಾಡಿಗೆ ಅಕ್ಷ‌ರ

ಇನ್ನೊಂದು ಕಾರಣ ರಾಜಕೀಯದ್ದು. ಇರಾನಿನಲ್ಲಿ ಆಡುಭಾಷೆಗಳು ಹಲವಿದ್ದರೂ ಶಾಲೆಗೆ, ಸರ್ಕಾರಕ್ಕೆ, ಕಾವ್ಯಕ್ಕೆ ಪಾರಸಿಯೇ. ಆ ಲಿಪಿಯನ್ನು ಹಿಡಿದರೆ ಇಡೀ ದೇಶವನ್ನು ಹಿಡಿದಂತೆ. ಭಾರತದ ಚಿತ್ರಕಾರನಿಗೆ ಆ ಅನುಕೂಲ ಇರಲಿಲ್ಲ. ದೇಶದ ಪರಂಪರೆಯನ್ನು ಯಾವ ಲಿಪಿಯಲ್ಲಿ ಬರೆಯಬೇಕು? ಒಂದನ್ನು ಆರಿಸಿದರೆ ಉಳಿದವು ಹೊರಗೆ. ಅವನೀಂದ್ರನಾಥ ಠಾಕೂರರ ಬಂಗಾಳ ಪಂಥ ಆದ್ದರಿಂದ ಅಜಂತಾದ ಕಡೆಗೆ, ಮೊಗಲ್ ಕಿರುಚಿತ್ರಗಳ ಕಡೆಗೆ ಹೊರಳಿತು. ಮೈಸೂರಿನಿಂದ ಅವರ ಬಳಿಗೆ ಕಲಿಯಲು ಹೋದ ನಮ್ಮ ಕೆ. ವೆಂಕಟಪ್ಪನವರೂ ರೇಖೆಯ ಶಿಸ್ತನ್ನು ತಂದರು, ಲಿಪಿಯನ್ನಲ್ಲ. ಅರಕಲಗೂಡಿನ ಮನೆತನದ ಅನಕೃ ಚಿತ್ರಕಲಾವಿದನನ್ನು ನಾಯಕನಾಗಿಸಿ ‘ಉದಯರಾಗ’ ಬರೆದರು. ಅವರೇ ಕನ್ನಡದ ಹೋರಾಟಕ್ಕೂ ಮುಂದೆ ನಿಂತರು. ಒಬ್ಬರೇ ಮನುಷ್ಯರಲ್ಲಿ ಚಿತ್ರವೂ ಕನ್ನಡವೂ ಕೂಡಿದ್ದವು. ಆದರೂ ಆ ಕಾಲದಲ್ಲಿ ಚಿತ್ರ ಭಾರತಕ್ಕೆ ಸೇರಿದ ವಿಷಯ, ಅಕ್ಷರ ಕನ್ನಡಕ್ಕೆ ಸೇರಿದ ವಿಷಯ ಎಂದು ಎರಡು ಕಂತೆಗಳಾಗಿಯೇ ಉಳಿದವು.

ಇದರ ದೊಡ್ಡ ಸಾಕ್ಷಿ ನಮ್ಮ ಸಂವಿಧಾನದ ಮೂಲಪ್ರತಿ. ನಂದಲಾಲ್ ಬೋಸರೂ ಅವರ ಶಾಂತಿನಿಕೇತನದ ಶಿಷ್ಯರೂ ಅದರ ಪುಟಗಳನ್ನು ಸಿಂಗರಿಸಿದರು. ಹರಪ್ಪಾದಿಂದ ಹಿಡಿದು ಸ್ವಾತಂತ್ರ್ಯ ಹೋರಾಟದವರೆಗೆ ಇಡೀ ಭಾರತ ಅಲ್ಲಿ ಚಿತ್ರವಾಗಿದೆ. ಅಕ್ಷರ ಬರೆದವರು ದೆಹಲಿಯ ಪ್ರೇಮ್ ಬಿಹಾರಿ ನಾರಾಯಣ ರಾಯ್‌ಜಾದಾ. ಸುಮಾರು ಆರು ತಿಂಗಳು ಕೂತು, ನಿಬ್ಬಿನಿಂದ, ಓರೆಯ ಇಂಗ್ಲಿಷಿನಲ್ಲಿ. ಹಿಂದಿ ಪ್ರತಿಯನ್ನು ಬರೆದವರು ವಸಂತ ಕೃಷ್ಣ ವೈದ್ಯ. ಸ್ವತಂತ್ರ ಭಾರತದ ಅತಿ ಮಹತ್ವದ ಕೈಬರಹ ಇದು. ಇದರಲ್ಲಿ ಕನ್ನಡದಂಥ ಲಿಪಿಗೆ ಜಾಗವಿರಲಿಲ್ಲ. ಇದು ದೂರಲ್ಲ, ಹಲವು ಲಿಪಿಗಳ ದೇಶಕ್ಕೆ ಒಂದು ಲಿಪಿಯ ದೇಶದ ದಾರಿ ತೆರೆದಿರಲಿಲ್ಲ ಎಂಬುದಷ್ಟೇ.

ದಕ್ಷಿಣದಲ್ಲಿ ಒಬ್ಬರು ಮಾತ್ರ ಈ ಗೋಡೆಯನ್ನು ಒಡೆದರು. ಮದರಾಸಿನ ಕಲಾಶಾಲೆಯ ಕೆ.ಸಿ.ಎಸ್. ಪಣಿಕ್ಕರ್ 1963ರಲ್ಲಿ ‘ಪದಗಳು ಮತ್ತು ಸಂಕೇತಗಳು’ ಎಂಬ ಮಾಲಿಕೆಯನ್ನು ಶುರುಮಾಡಿದರು. ಮಲಯಾಳಂ ಎನಿಸುವ ಅಕ್ಷರಗಳು, ಜಾತಕದ ಮನೆಗಳು, ಗಣಿತದ ಗುರುತುಗಳು. ಓದಲು ಹೋದರೆ ಅರ್ಥ ಕೈಗೆ ಸಿಗದು. ಟೆಹರಾನಿನಲ್ಲಿ ಜೆಂದೆರೂದಿ ತಾಯಿತದ ಅಂಕಿಗಳನ್ನು ಬರೆಯುತ್ತಿದ್ದ ಕಾಲವೂ ಅದೇ. ಒಬ್ಬರ ಹಾದಿ ಇನ್ನೊಬ್ಬರಿಗೆ ತೋರಿಸಿಕೊಟ್ಟದ್ದಲ್ಲ. ಯುರೋಪಿನ ನೆರಳಿನಿಂದ ಹೊರಬರಬೇಕೆಂಬ ಒಂದೇ ತಹತಹ ಎರಡೂ ಕಡೆ ಕೆಲಸ ಮಾಡಿತ್ತು. 1966ರಲ್ಲಿ ಪಣಿಕ್ಕರ್ ಕಟ್ಟಿದ ಚೋಳಮಂಡಲ ಕಲಾಗ್ರಾಮದ ಸ್ಥಾಪಕ ಸದಸ್ಯರಲ್ಲಿ ಮೈಸೂರಿನ ಎಸ್.ಜಿ. ವಾಸುದೇವ್ ಒಬ್ಬರು. ಅವರು ಕನ್ನಡದ ಸಾಹಿತಿಗಳ ಜೊತೆ ನಿಕಟವಾಗಿ ದುಡಿದರು, ‘ಸಂಸ್ಕಾರ’ ಚಿತ್ರಕ್ಕೆ ಕಲಾನಿರ್ದೇಶನ ಮಾಡಿದರು. ಕನ್ನಡದ ಕಥೆ, ಕಾವ್ಯ ಹೀಗೆ ಚಿತ್ರಕಾರನ ಬಳಿಗೆ ಹೋದವು. ಕನ್ನಡದ ಅಕ್ಷರ ಒಂದು ಪಂಥವಾಗಿ ಕ್ಯಾನ್ವಾಸಿಗೆ ಬರಲಿಲ್ಲ.

ಯಾರೂ ಹುಡುಕದ ಜಾಗ

ಕ್ಯಾನ್ವಾಸಿಗೆ ಬಾರದ ಅಕ್ಷರ ಹೋದದ್ದೆಲ್ಲಿಗೆ? ಬೀದಿಗೆ, ಟಾಕೀಸಿಗೆ, ವಾರಪತ್ರಿಕೆಗೆ. ‘ಪ್ರಜಾವಾಣಿ’ (1948), ‘ಸುಧಾ’ (1965), ‘ಮಯೂರ’ (1968) ಬಳಗದ ಪತ್ರಿಕೆಗಳಲ್ಲಿ ಕಥೆಯ ಚಿತ್ರ ಬರೆಯುವ ಕಲಾವಿದರೇ ಅದರ ಶೀರ್ಷಿಕೆಯನ್ನೂ ಬರೆಯುತ್ತಿದ್ದರು. ಕೆ. ಚಂದ್ರನಾಥ ಆಚಾರ್ಯ, ಪ.ಸ. ಕುಮಾರ್ ಅಂಥವರ ರೇಖೆ ನೋಡುತ್ತ ಬೆಳೆದ ತಲೆಮಾರು ಇಲ್ಲಿ ಕುಳಿತಿದೆ. ದೆವ್ವದ ಕಥೆಗೆ ಒತ್ತಕ್ಷರ ನಡುಗುತ್ತಿತ್ತು, ಪ್ರೇಮದ ಕಥೆಗೆ ದೀರ್ಘ ಬಳ್ಳಿಯಾಗುತ್ತಿತ್ತು. ಮನೋಹರ ಗ್ರಂಥಮಾಲೆ, ಅಕ್ಷರ ಪ್ರಕಾಶನಗಳ ಹೊದಿಕೆಗಳನ್ನು, ಸಿನಿಮಾದ ಗೋಡೆಚಿತ್ರಗಳನ್ನು, ಕಂಪನಿ ನಾಟಕದ ಪರದೆಗಳನ್ನು ಒಟ್ಟಿಗೆ ಹರಡಿ ನೋಡಿದರೆ ಕನ್ನಡದ ಆಧುನಿಕ ಅಕ್ಷರಕಲೆ ಅಲ್ಲಿದೆ.

ಊರೂರಿನ ಬೋರ್ಡ್ ಬರೆಯುವವರು ಇನ್ನೂ ದೊಡ್ಡ ಪಂಗಡ. ಹೋಟೆಲು, ಸೊಸೈಟಿ, ಲಾರಿಯ ಹಿಂಭಾಗ, ಶಾಲೆಯ ಗೋಡೆ ಅವರ ಕ್ಯಾನ್ವಾಸು. ಗೋಕಾಕ್ ಚಳವಳಿಯ 1982ರಲ್ಲಿ ಗೋಡೆಗಳೇ ಪತ್ರಿಕೆಯಾದಾಗ ಕನ್ನಡದ ಹೋರಾಟಕ್ಕೆ ಮುಖ ಬರೆದುಕೊಟ್ಟದ್ದು ಕುಂಚ ಹಿಡಿದ ಕೈಗಳೇ. ಚೌಕಾಕಾರದ ಕೋನಗಳಿಲ್ಲದ ಕನ್ನಡವನ್ನು ಉದ್ದ ಬೋರ್ಡಿಗೆ ಕೂರಿಸುವುದು ಸುಲಭವಲ್ಲ. ‘ಸ್ತ್ರೀ’ ಎಂದು ಬರೆಯಬೇಕಾದರೆ ಒತ್ತುಗಳು ಕೆಳಗಿಳಿದು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತವೆ. ವಟ್ರಸುಳಿಯನ್ನು ಎಲ್ಲಿ ಬಗ್ಗಿಸಬೇಕು, ಏತ್ವವನ್ನು ಎಷ್ಟು ಮೇಲೆತ್ತಬೇಕು ಎಂಬ ಲೆಕ್ಕವನ್ನು ಅವರು ಕಣ್ಣಳತೆಯಲ್ಲೇ ಬಿಡಿಸಿದರು. ಅವರ ಅನುಭವವನ್ನು ಯಾವ ಕಲಾಶಾಲೆಯೂ ಪಠ್ಯ ಮಾಡಲಿಲ್ಲ. ಫ್ಲೆಕ್ಸ್ ಬಂದ ಮೇಲೆ ಆ ಕಸುಬೂ ಕುಗ್ಗಿತು.

ಹಾಗೆಂದು ಗಣಕಯಂತ್ರವನ್ನು ಶಪಿಸುವುದು ನ್ಯಾಯವಲ್ಲ. 1998ರ ‘ಬರಹ’, ಆಮೇಲಿನ ‘ನುಡಿ’ ಇಲ್ಲದಿದ್ದರೆ ಕನ್ನಡ ಗಣಕದ ಹೊರಗೇ ನಿಂತಿರುತ್ತಿತ್ತು. ಈಗ ‘ಬಾಲೂ ತಮ್ಮ’, ‘ಅಕಾಯ ಕನಡಕ’ದಂಥ ಫಾಂಟುಗಳಲ್ಲಿ ಕೈಬರಹದ ಉಸಿರು ಮತ್ತೆ ಕಾಣುತ್ತಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ ಕೈಗೊಂಡು, ಕಲ್ಲಿನ ಅಕ್ಷರವನ್ನು ಅದರ ಆಕಾರದ ಸಮೇತ ಪರದೆಗೆ ತಂದಿದೆ. ರೈಸ್ ಅವರ ಕಾಲದ ಅಚ್ಚಿನಲ್ಲಿ ತಪ್ಪಿಹೋದದ್ದು ಈಗ ಸಿಗುವಂತಾಗಿದೆ. ಅದನ್ನು ಎತ್ತಿಕೊಳ್ಳುವ ಚಿತ್ರಕಾರ ಬೇಕು.

ಇರಾನಿನಿಂದ ಒಂದು ಎಚ್ಚರಿಕೆ

ಇರಾನಿನ ದಾರಿಯನ್ನು ಹಾಗೆಯೇ ಹಿಡಿಯಬೇಕೆಂದು ನಾನು ಹೇಳುತ್ತಿಲ್ಲ. ಪರಂಪರೆಯಾಗಿ ಒಪ್ಪಿತವಾದ ಅಕ್ಷರ ಬೇಗನೆ ಅಲಂಕಾರದ ಸಾಮಗ್ರಿಯಾಗುತ್ತದೆ. ರಾಣಿ ಫರಾಳ ಬೆಂಬಲದಿಂದ 1977ರಲ್ಲಿ ಟೆಹರಾನಿನ ಸಮಕಾಲೀನ ಕಲಾ ಸಂಗ್ರಹಾಲಯ ತೆರೆಯುವ ಕಾಲಕ್ಕೆ ಬೀದಿಯ ತಾಯಿತದ ಅಂಕಿಗಳು ಶ್ರೀಮಂತರ ಗೋಡೆಯನ್ನು ಸೇರಿದ್ದವು. ಎರಡು ವರ್ಷಕ್ಕೆ ಕ್ರಾಂತಿಯಾಯಿತು. ಹೊಸ ಆಡಳಿತವೂ ಲಿಪಿಯನ್ನೇ ಹಿಡಿಯಿತು: 1980ರಲ್ಲಿ ಬಂದ ಧ್ವಜದ ಹಸಿರು, ಕೆಂಪು ಪಟ್ಟಿಗಳ ಅಂಚಿನಲ್ಲಿ ‘ಅಲ್ಲಾಹು ಅಕ್ಬರ್’ ಎಂಬುದು 22 ಬಾರಿ ಬರೆದಿದೆ. ಅರಸನಿಗೂ ಆತನನ್ನು ಓಡಿಸಿದವರಿಗೂ ಅಕ್ಷರ ಒದಗಿತು. 2008ರಲ್ಲಿ ತನಾವೋಲಿಯ ‘ಓ ಪರ್ಸೆಪೊಲಿಸ್’ ಎಂಬ ಗೋಡೆಶಿಲ್ಪ ದುಬೈ ಹರಾಜಿನಲ್ಲಿ 28 ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು. ಸಂಗಾತಿಗಳು ಅಕ್ಷರವನ್ನು ಬಳಸಿಕೊಳ್ಳುತ್ತಿದ್ದ ರೀತಿಗೆ ಬೇಸತ್ತು ‘ಹೀಚ್’ ಮಾಡಿದೆ ಎಂದು ಅದೇ ತನಾವೋಲಿ ಹೇಳಿದ್ದರು.

ಪರಂಪರೆಯನ್ನು ಪ್ರಶ್ನೆ ಕೇಳಲೂ ಅದೇ ಅಕ್ಷರ ಬಂತು ಎಂಬುದು ಸಮಾಧಾನದ ಸಂಗತಿ. ಹೊರದೇಶದಲ್ಲಿ ನೆಲೆಸಿದ ಶಿರೀನ್ ನೆಶಾತ್ 1993ರಿಂದ 1997ರವರೆಗಿನ ‘ಅಲ್ಲಾಹನ ಹೆಂಗಸರು’ ಮಾಲಿಕೆಯಲ್ಲಿ ಹೆಂಗಸರ ಫೋಟೊಗಳ ಮುಖ, ಅಂಗೈ, ಅಂಗಾಲುಗಳ ಮೇಲೆ ಇರಾನಿನ ಕವಯಿತ್ರಿಯರ ಕವಿತೆಗಳನ್ನು ಶಾಯಿಯಲ್ಲಿ ಬರೆದರು. ಒಂದೇ ಲಿಪಿ ಆಳುವವರ ಬಾವುಟದಲ್ಲೂ ಇದೆ, ಮಾತನಾಡಲಾಗದವರ ಮೈಮೇಲೂ ಇದೆ. ಜೀವಂತ ಪರಂಪರೆ ಎಂದರೆ ಅದು.

ಇದೆಲ್ಲದರ ತಳದಲ್ಲಿ ಕಲಿಕೆ ನಿಂತಿಲ್ಲ. 1950ರಲ್ಲಿ ಹುಟ್ಟಿದ ಇರಾನಿನ ಲಿಪಿಕಾರರ ಸಂಘ ಊರೂರಿನಲ್ಲಿ ಪಾಠ ನಡೆಸುತ್ತದೆ. ಆ ದೇಶದ ಲಿಪಿಕಲೆಯನ್ನು ಉಳಿಸುವ ಕಾರ್ಯಕ್ರಮವನ್ನು ಯುನೆಸ್ಕೋ 2021ರಲ್ಲಿ ಮಾದರಿ ಸಂರಕ್ಷಣೆಗಳ ಪಟ್ಟಿಗೆ ಸೇರಿಸಿತು. ಯುನೆಸ್ಕೋ ಗುರುತಿಸಿದ್ದು ಹಳೆಯ ಹಾಳೆಗಳನ್ನಲ್ಲ, ಕಲಿಸುವ ವ್ಯವಸ್ಥೆಯನ್ನು.

ನಾವು ಮಾಡಬಹುದಾದದ್ದು

ನಮಗೆ ಮನ್ನಣೆಗಳ ಕೊರತೆಯಿಲ್ಲ. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಸ್ಥಾನ ಬಂತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಹಲ್ಮಿಡಿ ಶಾಸನದ ಪ್ರತಿಕೃತಿಗಳು ನಾಡಿನ ಹಲವೆಡೆ ನಿಂತಿವೆ. 2024ರ ಕಾನೂನು ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕೆನ್ನುತ್ತದೆ. ಕಾನೂನು ಅಕ್ಷರದ ವಿಸ್ತೀರ್ಣವನ್ನು ಅಳೆಯಬಲ್ಲದು. ಅದರ ಅಂದವನ್ನು ನೋಡಿಕೊಳ್ಳಬೇಕಾದವರು ನಾವು. ಅದಕ್ಕೆ ದೊಡ್ಡ ಅನುದಾನ ಬೇಕಿಲ್ಲ.

ಮೇಷ್ಟ್ರುಗಳಲ್ಲಿ ನನ್ನ ವಿನಂತಿ: ಬೆಳಗೊಳಕ್ಕೆ ಪ್ರವಾಸ ಕರೆದೊಯ್ದಾಗ ಗೊಮ್ಮಟನ ಎತ್ತರ ಹೇಳಿ ನಿಲ್ಲಿಸಬೇಡಿ. ಪಾದದ ಎರಡೂ ಬದಿಯ ಕನ್ನಡ, ತಮಿಳು, ಮರಾಠಿ ಸಾಲುಗಳನ್ನು ತೋರಿಸಿ. ಚಿಕ್ಕಬೆಟ್ಟದಲ್ಲಿ ಒಂದು ಶಾಸನದ ಮುಂದೆ ಮಕ್ಕಳನ್ನು ಕೂರಿಸಿ, ತಮಗೆ ಇಷ್ಟವಾದ ಐದು ಅಕ್ಷರಗಳನ್ನು ಪೆನ್ಸಿಲಿನಿಂದ ಬರೆದುಕೊಳ್ಳಲು ಹೇಳಿ. ಕಲ್ಲಿಗೆ ಸುಣ್ಣ, ಎಣ್ಣೆ, ಚಾಕ್‌ಪೀಸು ಯಾವುದೂ ಬೇಡ. ನೋಡುವ ಕಣ್ಣು ಸಾಕು. ಚಿತ್ರಕಲೆಯ ಪೀರಿಯಡ್ಡಿನಲ್ಲಿ ಬಿದಿರುಕಡ್ಡಿಯನ್ನು ಓರೆಯಾಗಿ ಕತ್ತರಿಸಿ ಕನ್ನಡ ವರ್ಣಮಾಲೆ ಬರೆಸಿ. ಕಾಗೆಕಾಲು ಗುಬ್ಬಿಕಾಲು ಎಂದು ಬೈಸಿಕೊಂಡ ಹುಡುಗನ ಕೈಯಲ್ಲೂ ಹೊಸ ರೇಖೆ ಹೊರಡಬಹುದು.

ಕಲಾಶಾಲೆಗಳಲ್ಲಿ ನನ್ನ ವಿನಂತಿ: ಬೋರ್ಡ್ ಬರೆದು ಮುದುಕರಾದವರನ್ನು ಅತಿಥಿ ಗುರುಗಳಾಗಿ ಕರೆಯಿರಿ, ಸಂಭಾವನೆ ಕೊಡಿ. ಪ್ರಕಾಶಕರಲ್ಲಿ: ಹೊದಿಕೆಯ ಅಕ್ಷರ ಬರೆದವರ ಹೆಸರನ್ನು ಒಳಪುಟದಲ್ಲಿ ಅಚ್ಚುಮಾಡಿ.

ಕೊನೆಗೆ ಈ ಊರಿನ ಸಂಘಸಂಸ್ಥೆಗಳಿಗೆ, ದೇವಸ್ಥಾನದ ಸಮಿತಿಗಳಿಗೆ ಒಂದು ಮಾತು. ಬರುವ ರಾಜ್ಯೋತ್ಸವಕ್ಕೆ ಹತ್ತು ಫ್ಲೆಕ್ಸ್ ಹಾಕಿಸುವ ದುಡ್ಡಿನಲ್ಲಿ ಒಂದು ಬೋರ್ಡನ್ನು ಕುಂಚದಲ್ಲಿ ಬರೆಸಿ. ಮಕ್ಕಳು ಅದನ್ನು ಬರೆಯುವಾಗಲೇ ನಿಂತು ನೋಡುವಂತೆ ಹಗಲು ಹೊತ್ತಿನಲ್ಲಿ, ಬಸ್ಟ್ಯಾಂಡಿನ ಎದುರು ಬರೆಸಿ. ಬರೆದವರ ಹೆಸರನ್ನು ಕೆಳಗಿನ ಮೂಲೆಯಲ್ಲಿ ಹಾಕಿಸುವುದನ್ನು ಮರೆಯಬೇಡಿ.